ರೇ.ಇ.ಕ. ೧೪

ಹೊಸಾ ಜಿಲ್ಲಾ ಆದ ವರ್ಷ
ಯಾದಗಿರಿಯಾಗ ಫೈಲಿದ್ದವು, ಕುಂಡರಲಿಕ್ಕೆ ಕುರ್ಚಿ ಇರಲಿಲ್ಲ.
ನಮ್ಮ ಕಲಬುರಗಿ ರೇಷ್ಮೆ ಕಚೇರಿಯಾಗ
ಹುಳಕ್ಕಿಂತ ಗುಮಾಸ್ತರೇ ಹೆಚ್ಚಿದ್ದೆವು.
ಸಾಹೇಬರಂದರು: ಚಂದ್ರಶಾ, ಆರು ತಿಂಗಳಷ್ಟೇ, ಎರವಲು ಸೇವೆ.
ಹೋಗ್ತಾ ನಿನ್ನ ಕುರ್ಚಿನೂ ಒಯ್ಯಿ.

ತೊಗರಿ ಚೀಲದ ಟೆಂಪೋದ ಮ್ಯಾಲ
ನಾಲ್ಕೂ ಕಾಲು ಮುಗಿಲಿಗೆ ಮಾಡಿ ಹೋಯಿತು ಕುರ್ಚಿ,
ಬೆನ್ನಿಗೆ ಬಿಳೀ ಬಣ್ಣದಾಗ ಬರೆದಿತ್ತು: ರೇ.ಇ.ಕ. ೧೪.
ನಾ ಹೋದದ್ದು ಪ್ಯಾಸೆಂಜರ್ ಗಾಡಿಯಾಗ.

ಎರವಲು ಅಂದ್ರ ಏನಂತ ನಮ್ಮ ಓಣಿಯವರಿಗೆ ಗೊತ್ತದ.
ಮಗ್ಗಲ ಮನಿಯಿಂದ ತಂದ ಸಕ್ಕರಿ ಬಟ್ಟಲ
ಖಾಲಿ ಮರಳಿಸಬಾರದು,
ನಾಲ್ಕು ಕಾಳರ ಹಾಕಿ ಕೊಡಬೇಕು.
ಆ ನಾಲ್ಕು ಕಾಳಿಗೆ ಸರ್ಕಾರಿ ಹೆಸರು: ನಿಯೋಜನೆ ಭತ್ಯೆ.
ತಿಂಗಳಿಗೆ ಆರುನೂರು.

ಆರು ತಿಂಗಳು ಒಂಬತ್ತು ವರ್ಷ ಆದವು.
ಶಹಾಬಾದ, ವಾಡಿ, ನಾಲವಾರ.
ವಾಡಿಯಾಗ ಸಿಮೆಂಟ್ ಧೂಳಿಗೆ ಕಿಟಕಿ ಇಳಸೋದು,
ನಾಲವಾರಕ್ಕ ಬುತ್ತಿ ಬಿಚ್ಚೋದು;
ನೀಲಗಂಗಾ ಕಟ್ಟಿದ ಪುಂಡಿಪಲ್ಯದ ಹುಳಿ
ಗುಡ್ಡದ ಕೋಟಿ ಕಾಣೋತನಕ ಬಾಯಾಗ.
ಮಗಳು ಕೇಳ್ತಿದ್ದಳು: ಅಪ್ಪಾ, ನೀ ಯಾವ ಊರವ?
ಹಾಸಿಗಿ ಇಲ್ಲಿ, ಹಾಜರಿ ಅಲ್ಲಿ, ಅಂತಿದ್ದೆ,
ಸೇವಾ ಪುಸ್ತಕ ನಡುವ ವಾಡಿ ಜಂಕ್ಷನ್ನಾಗ
ಗಾಡಿ ಬದಲಿಸಲಿಕ್ಕೆ ಕುಂತದ.

ಕಲಬುರಗಿಯಾಗ ಇರೋದಕ್ಕ ‘ಮಾತೃ ಇಲಾಖೆ’ ಅಂತಾರ.
ತಾಯಿ ಒಮ್ಮೆನೂ ಕಾಗದ ಹಾಕಲಿಲ್ಲ.
ಜ್ಯೇಷ್ಠತಾ ಪಟ್ಟಿಯಾಗ ಮಾತ್ರ ನನ್ನ ಹೆಸರಿನ ಮುಂದ
ಒಂದು ನಕ್ಷತ್ರದ ಗುರುತು,
ಪುಟದ ತಳಕ್ಕ ಸಣ್ಣ ಅಕ್ಷರ: ಅನ್ಯಸೇವೆಯಲ್ಲಿ.

ಆಮ್ಯಾಲ ಬಂತು ಆದೇಶ. ಕಾಯಂ. ವಿಲೀನ.
ಇಷ್ಟು ದಿನ ಬರೀ ಲೀನ್ ಇತ್ತು;
ಮುಂದೊಂದು ‘ವಿ’ ಬಂದು ಕುಂತದ್ದಕ್ಕ
ಲಾಡ್ಲೆಸಾಬ್ ಪೇಡಾ ಹಂಚಿದ,
ನನ್ನ ರೊಕ್ಕದಾಗ.

ಯಾರೂ ಎರಡನೇ ಪುಟ ತಿರುವಿರಲಿಲ್ಲ.
‘ಸದರಿ ವಿಲೀನವು ಐದು ವರ್ಷ ಎರಡು ತಿಂಗಳ ಹಿಂದಿನಿಂದ
ಪೂರ್ವಾನ್ವಯವಾಗತಕ್ಕದ್ದು.’
ಲೆಕ್ಕಶಾಖೆಯ ಸುಗಲಾ ಮೇಡಂ ಏನೂ ಅನ್ನಲಿಲ್ಲ,
ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದರು.
ಅರವತ್ತೆರಡು ತಿಂಗಳು. ಮೂವತ್ತೇಳು ಸಾವಿರದ ಎರಡುನೂರು.

ಅಂದ್ರ, ನೋಡ್ರಿ, ನಿನ್ನೆತನಕ ನಾ ಬೀಗರವ,
ಹೋಳಿಗಿ ಬಡಿಸಿ ಮ್ಯಾಲ ತುಪ್ಪ ಸುರುವಿದರು.
ಇವತ್ತು ಅಂತಾರ: ನೀ ನಿನ್ನೆನೂ ಮನಿಯವನೇ ಇದ್ದಿ,
ತುಪ್ಪದ ರೊಕ್ಕ ಇಡು.

ನೋಟಿಸಿನ ಭಾಷಾ ನನ್ನದೇ.
‘ಏಕೆ ವಸೂಲು ಮಾಡಬಾರದು, ಏಳು ದಿನದೊಳಗೆ’
ಎಷ್ಟು ಮಂದಿಗೆ ಬರದೀನಿ ನಾ, ಚಾ ಕುಡೀತಾ.
ಇದರಾಗ ಒಂದು ಕಾಗುಣಿತ ತಪ್ಪಿತ್ತು.
ಪೆನ್ಸಿಲಿನಿಂದ ತಿದ್ದಿ
ಸ್ವೀಕೃತಿಗೆ ಸಹಿ ಹಾಕಿದೆ.

ವಕೀಲರ ಫೀಸು ಇಪ್ಪತ್ತೈದು ಸಾವಿರ.
ಗೆದ್ದರ, ಖರ್ಚು ಕಳದು,
ಹನ್ನೆರಡು ಸಾವಿರದ ಎರಡುನೂರು ನ್ಯಾಯ ಉಳೀತದ.
ನೀಲಗಂಗಾ ಅಂದಳು: ಆದ್ರೂ ಹಾಕ್ರಿ.
ಮುಂದಿನ ತಾರೀಖು ದಸರಾ ಸೂಟಿ ಮುಗಿದಮ್ಯಾಲ.

ಹೋದ ಸೋಮವಾರ
ಮಾತೃ ಇಲಾಖೆಯಿಂದ ಒಂದು ಲಕೋಟಿ ಬಂತು.
ಖರೆ ಹೇಳ್ತೀನಿ, ಒಡೆಯುವಾಗ ಕೈ ನಡುಗಿತು.
‘ಈ ಕಚೇರಿಯ ಜಡಸಂಗ್ರಹ ವಹಿಯಂತೆ
ಕುರ್ಚಿ ಸಂಖ್ಯೆ ೧೪ ತಮ್ಮಲ್ಲಿಗೆ ಎರವಲಾಗಿ ಬಂದಿದ್ದು,
ಕೂಡಲೇ ಹಿಂತಿರುಗಿಸುವುದು.’

ಲಾಡ್ಲೆಸಾಬ್ ಸುತಳಿ ಬಿಗಿದ.
ಟೆಂಪೋದವ ಅದೇ ಹಳೆಯವನ ಮಗ.
ಬಿಳೀ ಬಣ್ಣ ನನ್ನ ಬೆನ್ನಿಗೆ ತಿಕ್ಕಿ ತಿಕ್ಕಿ ಅಳಿಸಿತ್ತು,
‘೧’ ಹೋಗಿ ‘೪’ ಉಳಿದಿತ್ತು; ಸುಣ್ಣ ಹಚ್ಚಿ ಮತ್ತ ಬರೆದೆವು.
ನಾಲ್ಕೂ ಕಾಲು ಮುಗಿಲಿಗೆ ಮಾಡಿ
ವಾಡಿ ರಸ್ತಾ ಹಿಡೀತು.

ನಾ ಸ್ಟೂಲಿನ ಮ್ಯಾಲ ಕುಂತು ಜಾವಕ ವಹಿಯಾಗ ಬರದೆ:
ಕುರ್ಚಿ, ಕಟ್ಟಿಗಿಯದು. ನಗ ಒಂದು.
ಎಡಗೈ ಸಡಿಲ,
ಬಾಕಿ ಬರೋಬರ್ ಅದ.